ಒಂದೇ ಸುಳಿಯ ಮರ

ಮಾವು, ಹಲಸು, ಆಲ, ಅರಳಿಗಳಿಗೆ ಮೈತುಂಬ ಕಣ್ಣುಗಳು. ಒಂದು ಕೊಂಬೆ ಮುರಿದರೆ ಇನ್ನೊಂದು ಕಡೆ ಚಿಗುರುತ್ತದೆ. ಬುಡದವರೆಗೆ ಕಡಿದರೂ ಮುಂದಿನ ಮಳೆಗೆ ಮೋಟಿನಿಂದ ಕುಡಿ ಏಳುತ್ತದೆ. ತೆಂಗು, ಅಡಿಕೆ, ತಾಳೆಗಳಿಗೆ ಆ ಅನುಕೂಲವಿಲ್ಲ. ಅವುಗಳಿಗೆ ಇರುವುದು ನೆತ್ತಿಯ ಮೇಲೆ ಒಂದೇ ಸುಳಿ. ಮರದ ಬಾಳೆಲ್ಲ ಆ ಒಂದು ಬಿಂದುವಿನಿಂದ ಮೇಲೇಳಬೇಕು. ಅದು ಕೊಳೆತರೆ ಕೆಳಗಿನ ಕಾಂಡ ಎಷ್ಟೇ ಗಟ್ಟಿಯಾಗಿದ್ದರೂ, ಬೇರು ಎಷ್ಟೇ ಆಳಕ್ಕೆ ಇಳಿದಿದ್ದರೂ ಪ್ರಯೋಜನವಿಲ್ಲ. ಇನ್ನೂ ಒಂದು ಕಷ್ಟವಿದೆ. ಸುಳಿ ಸತ್ತ ಮೇಲೂ ಹಳೆಯ ಗರಿಗಳು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತವೆ. ದಾರಿಯಲ್ಲಿ ಹೋಗುವವರು ನೋಡಿ, ಮರ ಚೆನ್ನಾಗಿದೆಯಲ್ಲ ಎನ್ನುತ್ತಾರೆ. ಮರ ಬದುಕಿದೆಯೋ ಇಲ್ಲವೋ ಎಂಬುದು ಅದರ ಕೆಳಗೆ ನಿಂತವರಿಗೂ ತಿಳಿಯುವುದಿಲ್ಲ. ಹಾಗೆ ತಿಳಿಯದೆ ಕಳೆದ ಎಂಟು ತಿಂಗಳುಗಳ ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ವಸಯಿಯ ನಮ್ಮ ಮನೆಯ ಹಿತ್ತಲಿನಲ್ಲಿರುವುದು ಶ್ರೀತಾಳೆ. ತುಳುವಿನಲ್ಲಿ ಪನೋಲಿ. ಸಸ್ಯಶಾಸ್ತ್ರಜ್ಞರಿಗೆ ಕೋರಿಫಾ ಅಂಬ್ರಾಕ್ಯುಲಿಫೆರಾ. ಲಿನೇಯಸ್ 1753ರಲ್ಲಿ ಕೊಟ್ಟ ಈ ಹೆಸರಿನ ಎರಡನೆಯ ಪದಕ್ಕೆ ಕೊಡೆ ಹೊತ್ತದ್ದು ಎಂದು ಅರ್ಥ. ಅದಕ್ಕೂ ಮೊದಲೇ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಡಚ್ಚರ ವಾನ್ ರೀಡ್ ಹೊರತಂದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಈ ಮರ ಮಲಯಾಳದ ‘ಕುಡಪ್ಪನ’ ಎಂಬ ಹೆಸರಿನಿಂದಲೇ ದಾಖಲಾಗಿದೆ. ಅದರ ಅರ್ಥವೂ ಕೊಡೆಯ ತಾಳೆ ಎಂದೇ. ಕೊಡೆಯೆಂಬುದು ಅಲಂಕಾರದ ಮಾತಲ್ಲ. ಪೂರ್ಣ ಬೆಳೆದ ಮರದ ಒಂದು ಗರಿ ಐದು ಮೀಟರ್ ಅಗಲವಾಗಬಲ್ಲದು. ಸಿಂಹಳದಲ್ಲಿ ಬಹುಕಾಲ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ 1681ರ ತನ್ನ ಪುಸ್ತಕದಲ್ಲಿ, ಇದರ ಒಂದೇ ಎಲೆಯಡಿ ಹದಿನೈದು ಇಪ್ಪತ್ತು ಜನ ಮಳೆಗೆ ನೆನೆಯದೆ ನಿಲ್ಲಬಹುದು ಎಂದಿದ್ದಾನೆ. ನಮ್ಮ ಕಡೆಯ ಗದ್ದೆಗಳಲ್ಲಿ ನಾಟಿಯ ಹೆಂಗಸರು ಬೆನ್ನಿಗೆ ಕವುಚಿಕೊಳ್ಳುತ್ತಿದ್ದ ಗೊರಬು, ಹಿರಿಯರು ಹಿಡಿಯುತ್ತಿದ್ದ ಓಲೆಕೊಡೆ ಇಂಥ ಗರಿಗಳಿಂದಲೇ ಆಗುತ್ತಿದ್ದವು.

ಕನ್ನಡ ಓದುವವರಿಗೆ ಈ ಮರದೊಂದಿಗೆ ಇನ್ನೂ ಹಳೆಯದಾದ ಸಂಬಂಧವಿದೆ. ತಾಳೆಗರಿ ಎಂದು ನಾವು ಒಟ್ಟಾಗಿ ಹೇಳುವ ಗ್ರಂಥಗಳಲ್ಲಿ ಎರಡು ಮರಗಳ ಗರಿಗಳಿವೆ. ಒಂದು ಸಾಧಾರಣ ತಾಳೆಯದು, ದಪ್ಪ, ಒರಟು. ಇನ್ನೊಂದು ಶ್ರೀತಾಳೆಯದು; ತೆಳು, ಅಗಲ, ಬಾಗಿಸಿದರೆ ಬಾಗುವಂಥದು. ಎಳೆಯ ಗರಿಯನ್ನು ಸೀಳಿ, ಬೇಯಿಸಿ, ಒಣಗಿಸಿ, ತಿಕ್ಕಿ ನುಣುಪು ಮಾಡಿ, ಕಂಠದಿಂದ ಕೊರೆದು ಮಸಿ ತೀಡಿದರೆ ಅಕ್ಷರ ಶತಮಾನಗಳ ಕಾಲ ನಿಲ್ಲುತ್ತದೆ. ಮೂಡುಬಿದಿರೆಯಲ್ಲಿ ಉಳಿದುಬಂದ ಧವಲಾ ಗ್ರಂಥಗಳ ಪ್ರತಿಗಳು ತಾಳೆಯೋಲೆಯವೇ. ಅವುಗಳ ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಓಲೆಗಾಗಿ ಗರಿ ಕೊಯ್ದವರು ಸುಳಿಗೆ ಗಾಯವಾಗದಂತೆ ಕೊಯ್ಯುತ್ತಿದ್ದರು. ಬರೆಯಲು ಎಲೆ ಬೇಕು. ಮುಂದಿನ ವರ್ಷವೂ ಬೇಕು. ಆ ಲೆಕ್ಕದಲ್ಲಿ ಮರವೂ ಉಳಿಯುತ್ತಿತ್ತು.

ಈ ಮರಕ್ಕೆ ಇನ್ನೊಂದು ಗುಣವಿದೆ. ಅದು ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಮೂವತ್ತರಿಂದ ಎಂಬತ್ತು ವರ್ಷಗಳ ನಡುವೆ ಎಂದಾದರೊಂದು ದಿನ, ಸುಳಿಯಿಂದ ಗರಿ ಬರುವುದು ನಿಂತು, ಆರರಿಂದ ಎಂಟು ಮೀಟರ್ ಎತ್ತರದ ಹೂಗೊಂಚಲು ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಕವಲೊಡೆದ ಹೂಗೊಂಚಲುಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಇದು. ಲಕ್ಷೋಪಲಕ್ಷ ಕೆನೆಬಣ್ಣದ ಹೂಗಳು. ಅವು ಕಾಯಾಗಿ ಬಲಿಯಲು ಸುಮಾರು ಒಂದು ವರ್ಷ. ದಶಕಗಳ ಕಾಲ ಕಾಂಡದೊಳಗೆ ಕೂಡಿಟ್ಟ ಹಿಟ್ಟನ್ನೆಲ್ಲ ಮರ ಈ ಒಂದು ಕಾರ್ಯಕ್ಕೆ ಖರ್ಚು ಮಾಡುತ್ತದೆ. ಕಾಯಿ ಉದುರುವ ಹೊತ್ತಿಗೆ ಗರಿಗಳು ಒಂದೊಂದಾಗಿ ಜೋತುಬಿದ್ದು ಮರ ಸಾಯುತ್ತದೆ.

ಹೀಗೆ ಸಾಯುವ ಮರವನ್ನು ನಮ್ಮ ಕರಾವಳಿಯವರು ಹೆದರಿಕೆಯಿಂದಲೇ ನೋಡುತ್ತಾ ಬಂದರು. ಪನೋಲಿ ಹೂ ಬಿಟ್ಟರೆ ಊರಿಗೆ, ಮನೆಗೆ ಕೇಡು ಎಂಬ ನಂಬಿಕೆ. ಹೂವಿನ ಸೂಚನೆ ಕಂಡೊಡನೆ ಕೊಡಲಿ ಹಾಕುವುದು ವಾಡಿಕೆಯಾಯಿತು. ಅದರ ಹಿಂದೆ ಹಸಿವಿನ ಲೆಕ್ಕವೂ ಇದ್ದಿರಬೇಕು. ಹೂ ಬಿಡುವ ಮೊದಲು ಕಡಿದರೆ ಕಾಂಡದ ತಿರುಳಿನಲ್ಲಿ ಹಿಟ್ಟು ತುಂಬಿರುತ್ತದೆ. ಬರಗಾಲದಲ್ಲಿ ಅದನ್ನು ಕುಟ್ಟಿ, ತೊಳೆದು, ಗಂಜಿ ಕಾಯಿಸಿ ಬದುಕಿದವರಿದ್ದಾರೆ. ಹೂ ಬಿಟ್ಟ ಮೇಲೆ ಕಡಿದರೆ ಒಳಗೆ ಬರಿಯ ನಾರು. ಕಾರಣ ಯಾವುದಾದರೂ ಇರಲಿ, ಕಾಯಿ ಬಲಿಯುವ ಮೊದಲೇ ಬಿದ್ದ ಮರ ಬೀಜ ಬಿಡುವುದಿಲ್ಲ. ಒಂದೇ ಸಲ ಹೂ ಬಿಡುವ ಮರದಿಂದ ಆ ಒಂದು ಸಲವನ್ನೂ ಕಸಿದುಕೊಂಡರೆ ಸಂತತಿ ಅಲ್ಲಿಗೆ ನಿಂತಿತು. ಬಾಲ್ಯದಲ್ಲಿ ಗುಡ್ಡದ ಬದಿಯಲ್ಲಿ ನಾನು ನೋಡಿದ್ದ ಮರಗಳು ಈಗ ಅಲ್ಲಿಲ್ಲ. ಅವುಗಳ ಜಾಗದಲ್ಲಿ ಎಳೆಯ ಮರಗಳೂ ಇಲ್ಲ.

ನಮ್ಮ ಹಿತ್ತಲಿಗೆ ಈ ಮರ ಬಂದದ್ದು ಮಾವನವರಿಂದ. ಕಾರ್ಕಳದ ಕಡೆಯ ಅವರ ಊರಿನ ಹಾಡಿಯಲ್ಲಿ ಒಂದು ಪನೋಲಿ ಹೂ ಬಿಟ್ಟಿತ್ತು. ಕಡಿಯಬೇಕೆಂದು ಮಾತು ಬಂದರೂ ಹಾಡಿಯೊಳಗೆ ಕೊಡಲಿ ತೆಗೆದುಕೊಂಡು ಹೋಗಲು ಯಾರೂ ಮುಂದಾಗಲಿಲ್ಲ. ಮಾವ ಶಾಲೆಯ ಮೇಷ್ಟ್ರಾಗಿದ್ದವರು. ನಿವೃತ್ತರಾಗಿ 1988ರಲ್ಲಿ ನಮ್ಮೊಡನೆ ಇರಲು ವಸಯಿಗೆ ಬಂದಾಗ ಅವರ ಟ್ರಂಕಿನಲ್ಲಿ, ಬಟ್ಟೆಗಳ ನಡುವೆ, ನಿಂಬೆಯ ಗಾತ್ರದ ಆರು ಬೀಜಗಳಿದ್ದವು. ಪಕ್ಕದ ಮನೆಯ ಮರಾಠಿ ಅಜ್ಜಿ ಅವನ್ನು ನೋಡಿದ ಕೂಡಲೇ ‘ಬಜರ್‌ಬಟ್ಟು!’ ಎಂದರು. ಮಕ್ಕಳಿಗೆ ದೃಷ್ಟಿಯಾಗದಂತೆ ಕಟ್ಟುವ ಕಪ್ಪು ಮಣಿಗಳು ಈ ಬೀಜದವೇ ಎಂಬುದು ನಮಗೆ ಗೊತ್ತಾದದ್ದು ಆಗ. ತುಳುನಾಡಿನಲ್ಲಿ ಕೇಡು ತರುವ ಮರದ ಬೀಜ ಇಲ್ಲಿ ಕೇಡು ಕಳೆಯುವ ಮಣಿ. ಮಾವ ಬಹಳ ಹೊತ್ತು ನಕ್ಕು, ಎರಡು ಬೀಜಗಳನ್ನು ಅಜ್ಜಿಯ ಮೊಮ್ಮಗನಿಗೆ ಕೊಟ್ಟರು. ಉಳಿದ ನಾಲ್ಕನ್ನು ನೆಟ್ಟರು. ಒಂದು ಮಾತ್ರ ಮೊಳೆಯಿತು.

ಅತ್ತೆಗೆ ಇದು ಹಿಡಿಸಲಿಲ್ಲ. ಹೂ ಬಿಡುವ ಮರವನ್ನು ಮನೆಯ ಬೇಲಿಯೊಳಗೆ ನೆಡುವವರುಂಟೇ ಎಂದು ಅವರ ಆಕ್ಷೇಪ. ಹೂ ಬಿಡುವಾಗ ನಾವಿಬ್ಬರೂ ಇರುವುದಿಲ್ಲ ಎಂದು ಮಾವನ ಉತ್ತರ. ನಾವಿಲ್ಲದಿದ್ದರೇನು, ಮಕ್ಕಳಿರುತ್ತಾರಲ್ಲ ಎಂದು ಅತ್ತೆ. ಈ ಮಾತುಕತೆ ಪ್ರತಿ ಮಳೆಗಾಲ ಒಂದು ಸಲವಾದರೂ ನಡೆಯುತ್ತಿತ್ತು. ಗಿಡ ಹತ್ತು ವರ್ಷ ನೆಲಕ್ಕೆ ಅಂಟಿಕೊಂಡೇ ಗರಿ ಬಿಟ್ಟಿತು. ಆಮೇಲೆ ಕಾಂಡ ಕಾಣಿಸಿಕೊಂಡಿತು. ಮಾವ 2003ರಲ್ಲಿ ತೀರಿಕೊಂಡರು. ಮರ ಬೆಳೆಯುತ್ತಲೇ ಹೋಯಿತು. 2022ರ ಮಳೆಗಾಲದ ಹೊತ್ತಿಗೆ ಅದಕ್ಕೆ ಹದಿನೈದು ಅಡಿಯ ಕಾಂಡ, ಹನ್ನೆರಡು ಗರಿ, ದಂಟಿನ ಎರಡೂ ಅಂಚಿಗೆ ಗರಗಸದಂಥ ಕಪ್ಪು ಹಲ್ಲುಗಳು.

ಆ ಆಗಸ್ಟಿನಲ್ಲಿ ನಡುವಿನ ಸುಳಿಗರಿ, ಇನ್ನೂ ಬಿಚ್ಚಿಕೊಳ್ಳದೆ ಮಡಿಸಿದ ಬೀಸಣಿಗೆಯಂತೆ ನಿಂತಿದ್ದದ್ದು, ಬಣ್ಣ ಕಳೆದುಕೊಳ್ಳತೊಡಗಿತು. ತೋಟದವರು ಇಂಥ ಹೊತ್ತಿನಲ್ಲಿ ಮಾಡುವ ಒಂದು ಸರಳ ಪರೀಕ್ಷೆಯಿದೆ. ಸುಳಿಗರಿಯ ಮೇಲೂ ಅದರ ಪಕ್ಕದ ದಂಟಿನ ಮೇಲೂ ಒಂದೇ ಮಟ್ಟದಲ್ಲಿ ಗೆರೆ ಎಳೆಯುವುದು. ಸುಳಿ ಬೆಳೆಯುತ್ತಿದ್ದರೆ ಅದರ ಗೆರೆ ಮೇಲೇರುತ್ತದೆ. ನಮ್ಮವರು ಏಣಿ ಹಾಕಿ ಬಿಳಿ ಪೇಂಟಿನಿಂದ ಗೆರೆ ಎಳೆದರು. ಹದಿನೈದು ದಿನಗಳ ನಂತರವೂ ಎರಡು ಗೆರೆಗಳು ಒಂದೇ ಸಾಲಿನಲ್ಲಿದ್ದವು.

ಹತ್ತಲು ಬಂದವನು ತಾಡಿ ಇಳಿಸುವ ಮನೆತನದ ಹುಡುಗ. ತಾಡಿಯ ಮರಗಳು ಕಡಿಮೆಯಾದ ಮೇಲೆ ತೆಂಗಿನಕಾಯಿ ಕೀಳುವುದು, ಕಟ್ಟಡಗಳಿಗೆ ಬಣ್ಣ ಬಳಿಯಲು ಬಿದಿರು ಕಟ್ಟುವುದು ಅವನ ಕಸುಬು. ಕಾಂಡದ ಸುತ್ತ ಬಿದಿರಿನ ಅಟ್ಟ ಕಟ್ಟಿ ಮೇಲೆ ಹೋಗಿ ಸುಳಿಗರಿಯನ್ನು ಹಿಡಿದು ಎಳೆದ. ಅದು ಕೈಗೆ ಬಂದೇಬಿಟ್ಟಿತು, ಬಾಟಲಿಯಿಂದ ಬಿರಡೆ ಬಂದಂತೆ. ಬುಡ ಕಂದಾಗಿ ಲೋಳೆಯಾಗಿತ್ತು. ಅದರ ವಾಸನೆ ಕೆಳಗೆ ನಿಂತ ನಮ್ಮನ್ನು ಮುಟ್ಟಲು ಕ್ಷಣವೂ ಬೇಕಾಗಲಿಲ್ಲ. ಮೊದಲು ಸಂಶಯ ಹೋದದ್ದು ಕುರುವಾಯಿ ಕೀಟದ ಮೇಲೆ, ಕೆಂಪು ಮೂತಿ ಹುಳುವಿನ ಮೇಲೆ. ಕುರುವಾಯಿ ಕೊರೆದಿದ್ದರೆ ಬಿಚ್ಚಿದ ಗರಿಗಳಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಕಚ್ಚುಗಳಿರಬೇಕು. ಮೂತಿ ಹುಳುವಾಗಿದ್ದರೆ ಕಾಂಡದಲ್ಲಿ ತೂತು, ಅಗಿದುಗುಳಿದ ನಾರು ಕಾಣಬೇಕು. ಎರಡೂ ಇರಲಿಲ್ಲ. ಇದು ಸುಳಿಕೊಳೆ.

ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಸುಳಿಕೊಳೆಗೆ ಹೇಳುವ ಕ್ರಮ ಊರಿನ ಕೃಷಿಕರಿಗೆಲ್ಲ ಗೊತ್ತಿರುವಂಥದೇ. ನನ್ನ ಅಣ್ಣ ಊರಿನಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವನು. ಫೋನಿನಲ್ಲಿ ಅವನು ಒಂದೊಂದಾಗಿ ಹೇಳಿದ, ನಾನು ಬರೆದುಕೊಂಡೆ. ಕೊಳೆತ ಭಾಗವನ್ನೆಲ್ಲ ಗಟ್ಟಿಯಾದ ಬಿಳಿಯ ತಿರುಳು ಸಿಗುವವರೆಗೆ ಚೂರಿಯಿಂದ ಕೆತ್ತಿ ತೆಗೆಯುವುದು. ಕೆತ್ತಿದ್ದನ್ನು ಅಲ್ಲೇ ಬಿಡದೆ ಸುಡುವುದು. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು. ಮಳೆನೀರು ಸುಳಿಯೊಳಗೆ ಇಳಿಯದಂತೆ ಮುಚ್ಚುವುದು. ಆಮೇಲೆ ಕಾಯುವುದು. ಕೊನೆಯದನ್ನು ಹೇಳುವಾಗ ಅಣ್ಣ ಸ್ವಲ್ಪ ತಡೆದು, ‘ತಂಗಿ, ಸುಳಿಯ ಗಡ್ಡೆಗೇ ಇಳಿದಿದ್ದರೆ ಏನು ಮಾಡಿದರೂ ಇಲ್ಲ. ಇಳಿದಿಲ್ಲ ಎಂದು ತಿಳಿದುಕೊಂಡು ಮಾಡು’ ಎಂದ.

ನೂರು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ. ನೂರು ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ. ಎರಡಕ್ಕೂ ಪ್ಲಾಸ್ಟಿಕ್ ಬಾಲ್ದಿಯೇ ಆಗಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅದಕ್ಕೇ ಅಂಟುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹೊಯ್ಯುತ್ತಾ ಕೋಲಿನಿಂದ ಕಲಕಬೇಕು. ಆಗ ಮೂಡುವ ನೀಲಿ ಅಡಿಕೆ ಸೀಮೆಯಲ್ಲಿ ಬೆಳೆದವರಿಗೆ ಮಳೆಗಾಲದ ಬಣ್ಣ. ಮಿಶ್ರಣ ಹದವಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಚೂರಿಯನ್ನು ಅದ್ದಬೇಕು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ನಮ್ಮ ಚೂರಿ ಬೆಳ್ಳಗೇ ಹೊರಬಂತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಮದ್ದು ನಮ್ಮ ಮಲೆನಾಡಿನ ಅಡಿಕೆಯನ್ನು ಉಳಿಸಿದ ಕಥೆ ಬಹಳ ಮಂದಿಗೆ ಗೊತ್ತು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಕಾರಣವನ್ನು ವಿವರಿಸಿ, ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ಅದೇ ಕಾಲಕ್ಕೆ ಗೋದಾವರಿ ಮುಖಜಭೂಮಿಯಲ್ಲಿ ತಾಳೆಮರಗಳು ಸಾಲುಸಾಲಾಗಿ ಸುಳಿ ಕೊಳೆತು ಸಾಯುತ್ತಿದ್ದವು. ಅದನ್ನು ಪರೀಕ್ಷಿಸಿದ ಬಟ್ಲರ್ ಎಂಬ ವಿಜ್ಞಾನಿ 1907ರಲ್ಲಿ ರೋಗಕಾರಕ ಜೀವಿಯನ್ನು ಹೆಸರಿಸಿದರು; ಈಗ ಅದನ್ನು ಫೈಟಾಫ್ತೊರಾ ಪಾಮಿವೊರಾ ಎನ್ನುತ್ತಾರೆ. ಅಡಿಕೆಯ ಕೊಳೆರೋಗದ ಜೀವಿಯೂ ಇದೇ ಕುಲದ್ದು. ಇದರ ಬೀಜಕಣಗಳಿಗೆ ಬಾಲದಂಥ ಎರಡು ಎಳೆಗಳಿದ್ದು, ತೆಳುವಾದ ನೀರಿನ ಪದರದಲ್ಲೇ ಈಜಿಕೊಂಡು ಹೋಗಬಲ್ಲವು. ಬಿಡದೆ ಹನಿಯುವ ಮಳೆ, ತಂಪು, ಗಾಳಿಯಾಡದ ಸಂದು ಇವಿಷ್ಟಿದ್ದರೆ ಅದಕ್ಕೆ ಸಾಕು. ವಸಯಿಯ ಆಗಸ್ಟಿನಲ್ಲಿ ಇವಿಷ್ಟೂ ಧಾರಾಳ. ಗೋದಾವರಿಯಲ್ಲಿ ಅಂದು ಕಂಡುಕೊಂಡ ಮುಖ್ಯ ಉಪಾಯವೆಂದರೆ ರೋಗ ಹತ್ತಿದ ಮರಗಳ ತಲೆ ಕಡಿದು ಸುಡುವುದು. ಸಾವಿರ ಮರಗಳನ್ನು ಉಳಿಸಬೇಕಾದವರು ಒಂದು ಮರವನ್ನು ಬಿಟ್ಟುಕೊಡಲೇಬೇಕಾಗುತ್ತದೆ. ನಮಗಿದ್ದದ್ದು ಒಂದೇ ಮರ.

ಹುಡುಗ ಒಂದು ಬೆಳಗ್ಗೆಯಿಡೀ ಕೆತ್ತಿದ. ಮೊಣಕೈವರೆಗೆ ಕೈ ಇಳಿಯುವಷ್ಟು ಆಳವಾಯಿತು. ಕೊನೆಗೆ ಬಿಳಿಯ ತಿರುಳು ಸಿಕ್ಕಿತು ಎಂದ. ನೀಲಿ ಮುಲಾಮು ಹಚ್ಚಿ, ಮೇಲೆ ಹಳೆಯ ಪ್ಲಾಸ್ಟಿಕ್ ಟಬ್ಬನ್ನು ಕವುಚಿ, ಗಾಳಿ ಆಡಲು ಸಂದು ಬಿಟ್ಟು ಕಟ್ಟಿದ. ಇಳಿದು ಬಂದು, ಕೈಯಲ್ಲಿ ಹಲ್ಲು ಗೀರಿದ ಗಾಯಗಳಿಗೆ ಅರಿಸಿನ ಒತ್ತಿಕೊಳ್ಳುತ್ತಾ, ‘ಝಾಡ್ ಮೇಲಂ ನಾಹೀ, ಕಾಕೂ’ ಎಂದ. ಮರ ಸತ್ತಿಲ್ಲ.

ಇಷ್ಟರಲ್ಲಿ ಮನೆಯೊಳಗೆ ಬೇರೆಯೇ ಒಂದು ಲೆಕ್ಕ ನಡೆದಿತ್ತು. ನಮ್ಮ ಎಡಬಲದ ಎರಡೂ ಮನೆಯವರು ಹಿಂದಿನ ವರ್ಷವೇ ಬಿಲ್ಡರಿಗೆ ಒಪ್ಪಿಗೆ ಕೊಟ್ಟಿದ್ದರು. ನಾವೂ ಸೇರಿದರೆ ಏಳು ಮಹಡಿಯ ಕಟ್ಟಡ. ನಮಗೆ ಎರಡು ಫ್ಲ್ಯಾಟು, ಮೇಲೆ ಒಂದಿಷ್ಟು ಹಣ. ಮನೆಗೆ ನಲವತ್ತು ವರ್ಷ. ಮಳೆಗಾಲದಲ್ಲಿ ಮೂರು ಕೋಣೆಗಳಲ್ಲಿ ಪಾತ್ರೆ ಇಡಬೇಕು. ಪುಣೆಯಲ್ಲಿರುವ ಮಗನಿಗೆ ಸಾಲದ ಕಂತುಗಳಿವೆ. ನಾದಿನಿಗೂ ಆಸ್ತಿಯಲ್ಲಿ ಪಾಲಿದೆ. ಅವಳ ಅಗತ್ಯವೂ ಸುಳ್ಳಲ್ಲ. ಇವೆಲ್ಲಕ್ಕೆ ಅಡ್ಡ ನಿಂತದ್ದು ನಿವೇಶನದ ನಟ್ಟನಡುವೆ ಇದ್ದ ಈ ಮರ. 1975ರ ಮಹಾರಾಷ್ಟ್ರದ ವೃಕ್ಷ ಸಂರಕ್ಷಣಾ ಕಾನೂನಿನಂತೆ ನಗರ ಪ್ರದೇಶದಲ್ಲಿ ಮರ ಕಡಿಯಲು ಅನುಮತಿ ಬೇಕು. ಬದುಕಿರುವ ಮರಕ್ಕೆ ಅರ್ಜಿ, ತಪಾಸಣೆ, ಆಕ್ಷೇಪಣೆ. ಸತ್ತ ಮರವಾದರೆ ದಾರಿ ಸುಗಮ.

ಮಗ ಕೆಟ್ಟವನಲ್ಲ. ಫೋನಿನಲ್ಲಿ ಬಹಳ ಮೃದುವಾಗಿಯೇ ಹೇಳಿದ: ‘ಅಮ್ಮಾ, ಹೇಗೂ ಅದು ಹೂ ಬಿಟ್ಟ ಮೇಲೆ ಸಾಯುವ ಮರ. ಇವತ್ತಲ್ಲ ನಾಳೆ ಹೋಗುವುದನ್ನು ಉಳಿಸುತ್ತೇವೆ ಎಂದು ಇಷ್ಟು ಒದ್ದಾಡಬೇಕೇ? ಅದು ತಾನಾಗಿಯೇ ಹೋಗುತ್ತಿದ್ದರೆ ಯಾರ ಮೇಲೂ ತಪ್ಪಿಲ್ಲ.’

ಇದಕ್ಕೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಸಾಮಾನ್ಯವಾಗಿ ಮರವನ್ನು ಉಳಿಸುವುದೆಂದರೆ ಸಾವನ್ನು ದೂರ ತಳ್ಳುವುದು. ಶ್ರೀತಾಳೆಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಅದರ ಸಾವು ಅದರ ಬಾಳಿನ ಯೋಜನೆಯೊಳಗೇ ಇದೆ. ನಮ್ಮ ಮದ್ದು ಫಲಿಸಿದರೂ ಆ ದಿನ ಬಂದೇ ಬರುತ್ತದೆ. ಹಾಗಾದರೆ ಏಣಿ, ಅಟ್ಟ, ಮೈಲುತುತ್ತ ಇವೆಲ್ಲ ಯಾತಕ್ಕೆ?

ಉತ್ತರ ಸಿಕ್ಕಿದ್ದು ನಿರೀಕ್ಷಿಸದ ಕಡೆಯಿಂದ. ಅತ್ತೆಗೆ ಆಗ ಎಂಬತ್ತೆಂಟು. ಮೂವತ್ತನಾಲ್ಕು ವರ್ಷಗಳಿಂದ ಮರವನ್ನು ತೆಗೆಯಿರಿ ಎಂದು ಹೇಳುತ್ತಾ ಬಂದವರು. ಒಪ್ಪಿಗೆ ಪತ್ರಕ್ಕೆ ಅವರ ಸಹಿಯೂ ಬೇಕು. ಅವರು ತಡೆಯಲಾರರು ಎಂದೇ ಎಲ್ಲರ ಎಣಿಕೆ. ನಾದಿನಿ ಕಾಗದ ತೆಗೆದುಕೊಂಡು ಬಂದ ದಿನ ಅವರು ಅದನ್ನು ದಿಂಬಿನ ಪಕ್ಕದಲ್ಲಿಟ್ಟು, ‘ಮರ ಎಂಚ ಉಂಡು?’ ಎಂದು ನನ್ನನ್ನು ಕೇಳಿದರು. ಇನ್ನೂ ಗೊತ್ತಾಗಿಲ್ಲ ಅತ್ತೆ ಎಂದೆ. ‘ಗೊತ್ತಾಗಲಿ. ಮತ್ತೆ ನೋಡುವ’ ಎಂದು ಕಣ್ಣು ಮುಚ್ಚಿದರು. ನಾದಿನಿ ಬಿಡಲಿಲ್ಲ. ಅಮ್ಮ, ನೀನೇ ಅದು ಅಪಶಕುನ ಎನ್ನುತ್ತಿದ್ದೆಯಲ್ಲ ಎಂದಳು. ಅತ್ತೆ ಎದ್ದು ಕೂತು ಹೇಳಿದ್ದು ಇಷ್ಟು: ‘ಹೂ ಬಿಟ್ಟು ಸಾಯುವುದಕ್ಕೆ ನಾನು ಹೆದರಿದ್ದು ಹೌದು. ಇದು ಹೂ ಬಿಡದೆಯೇ ಸಾಯುವುದು. ಅದು ಅದಕ್ಕಿಂತ ಬೇರೆ. ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇಟ್ಟುಕೊಂಡೇ ಹೋಗುವುದುಂಟಾ? ಅದು ತನ್ನ ಕೆಲಸ ಮುಗಿಸಲಿ.’

ನಾನು ಆ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅತ್ತೆಯ ಹೆದರಿಕೆ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಹೂ ಬಿಡುವ ವರ್ಷ ಮನೆಯಲ್ಲಿ ಏನಾದರೂ ಆಗುತ್ತದೆ ಎಂದು ಅವರು ನಂಬುತ್ತಾರೆ. ಆ ನಂಬಿಕೆಯನ್ನು ಇಟ್ಟುಕೊಂಡೇ ಅವರು ಮರದ ಪಕ್ಷ ವಹಿಸಿದರು. ಮಗನ ಪ್ರಶ್ನೆಯಲ್ಲಿ ಎಲ್ಲ ಸಾವೂ ಒಂದೇ ಆಗಿತ್ತು. ಅತ್ತೆಯ ಮಾತಿನಲ್ಲಿ ಎರಡು ಸಾವುಗಳಿದ್ದವು. ಒಂದರಲ್ಲಿ ಮರ ಕೂಡಿಟ್ಟದ್ದನ್ನೆಲ್ಲ ಬೀಜವಾಗಿಸಿ ಹೋಗುತ್ತದೆ. ಇನ್ನೊಂದರಲ್ಲಿ ಕೂಡಿಟ್ಟದ್ದು ಒಳಗೇ ಕೊಳೆಯುತ್ತದೆ. ಸುಳಿಕೊಳೆ ಬಂದರೂ ಅಷ್ಟೇ, ಹೆದರಿ ಹಾಕಿದ ಕೊಡಲಿಯಾದರೂ ಅಷ್ಟೇ, ಏಳು ಮಹಡಿಯ ಕಟ್ಟಡವಾದರೂ ಅಷ್ಟೇ. ಮರದ ಮಟ್ಟಿಗೆ ಇವು ಮೂರೂ ಒಂದೇ ಕೆಲಸ ಮಾಡುತ್ತವೆ. ನಾವು ಮಾಡಲು ಹೊರಟಿದ್ದು ಮರವನ್ನು ಸಾವಿನಿಂದ ತಪ್ಪಿಸುವುದನ್ನಲ್ಲ. ಅದರದೇ ಆದ ಸಾವಿನವರೆಗೆ ಅದನ್ನು ತಲುಪಿಸುವುದನ್ನು.

ಹೀಗೆ ಅರ್ಥವಾದದ್ದರಿಂದ ಕಾಯುವುದೇನೂ ಸುಲಭವಾಗಲಿಲ್ಲ. ಸೆಪ್ಟೆಂಬರ್ ಕಳೆಯಿತು. ಅಕ್ಟೋಬರಿನಲ್ಲಿ ಹುಡುಗ ಬಂದು ಮುಲಾಮು ಮತ್ತೊಮ್ಮೆ ಹಚ್ಚಿದ. ಮಳೆ ನಿಂತ ಮೇಲೆ ಟಬ್ಬನ್ನು ತೆಗೆದೆವು. ಮೇಲಿನ ಒಂದು ಗರಿ ಹಳದಿಯಾಗಿ ಬಾಗಿತು. ಉಳಿದವು ಹಸಿರಾಗಿಯೇ ಇದ್ದವು. ಆ ಹಸಿರನ್ನು ನಂಬುವಂತಿಲ್ಲ ಎಂದು ಮೊದಲೇ ಹೇಳಿದೆನಲ್ಲ. ತೆಂಗಿನಲ್ಲಿ ಒಂದು ಗರಿ ಸುಳಿಯೊಳಗೆ ರೂಪುಗೊಂಡು ಹೊರಗೆ ಕಾಣಿಸಿಕೊಳ್ಳಲು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಇಂದು ಬಿಚ್ಚಿಕೊಳ್ಳುವ ಎಲೆ ಎಂದೋ ಆರಂಭವಾದದ್ದು. ಇಂದು ಆದ ಗಾಯ ಎಂದೋ ಹೊರಬರಬೇಕಾದದ್ದನ್ನು ಕೊಂದಿರುತ್ತದೆ. ತಾಳೆಯ ಕುಲದ ಕಾಂಡದಲ್ಲಿ ಗಾಯಗಳು ಬೇರೆ ಮರಗಳಂತೆ ಸುತ್ತಲಿಂದ ಬೆಳೆದು ಮುಚ್ಚಿಕೊಳ್ಳುವುದೂ ಇಲ್ಲ. ಆದದ್ದು ಆದಂತೆಯೇ ಉಳಿಯುತ್ತದೆ. ಮರ ಅದನ್ನು ಬಿಟ್ಟು ಮೇಲೆ ಹೋಗಬೇಕು.

ಡಿಸೆಂಬರ್, ಜನವರಿ, ಫೆಬ್ರವರಿ. ಬಿಲ್ಡರಿನ ಕಡೆಯವರು ಎರಡು ಸಲ ಬಂದು ಹೋದರು. ಮಗ ಬಂದಾಗ ಮರದ ಕಡೆ ನೋಡದೆ ಕಾರು ನಿಲ್ಲಿಸಿದ. ಅತ್ತೆ ದಿನಾ ಬೆಳಗ್ಗೆ ಕಾಫಿಯ ಹೊತ್ತಿಗೆ ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ನಮ್ಮವರು ಮಾತ್ರ ಏನೂ ಹೇಳದೆ ಸಂಜೆ ಹೊತ್ತು ಬುಡಕ್ಕೆ ನೀರು ಬಿಡುತ್ತಿದ್ದರು. ಒಂದು ಸಂಜೆ ಅವರ ಕೈಯಿಂದ ಪೈಪು ತೆಗೆದುಕೊಳ್ಳುತ್ತಾ, ಮಾವನ ನೆನಪಾಗುತ್ತದೆಯೇ ಎಂದು ಕೇಳಿದೆ. ‘ಅಪ್ಪನದ್ದಲ್ಲ. ಅಪ್ಪ ಇದಕ್ಕೆ ಇಟ್ಟ ಲೆಕ್ಕದ್ದು’ ಎಂದರು. ತಾನು ಕಾಣದ ಹೂವಿಗಾಗಿ ನೆಡುವಾಗ ಮಾವ, ನಮ್ಮನ್ನು ನಡುವಿನ ಕಾವಲಿಗೆ ನಂಬಿದ್ದರು ಎಂದು ಆ ಮಾತಿನ ಅರ್ಥವೆಂದು ನಾನು ತಿಳಿದುಕೊಂಡೆ.

2023ರ ಏಪ್ರಿಲ್ ಕೊನೆಯ ವಾರ ಹುಡುಗ ತೆಂಗಿನಕಾಯಿ ಕೀಳಲು ಬಂದವನು ತಾನಾಗಿಯೇ ಏಣಿಯಿಟ್ಟು ಮೇಲೆ ನೋಡಿದ. ಕೆತ್ತಿದ ಗುಣಿಯ ಒಂದು ಬದಿಯಿಂದ, ನಡುವಿನಿಂದಲ್ಲ, ಹೆಬ್ಬೆರಳಿನ ದಪ್ಪದ ಒಂದು ತುದಿ ಹೊರಟಿತ್ತು. ಎಲೆಯೆನ್ನುವಂತಿರಲಿಲ್ಲ. ಮಡಿಕೆ ಮಡಿಕೆಯಾಗಿ ಸುಕ್ಕಿ, ಅಂಚು ಕಂದಿ, ಸುಟ್ಟ ಕಾಗದದಂತಿತ್ತು. ನಮ್ಮವರು ಬಿಳಿ ಪೇಂಟಿನ ಡಬ್ಬಿ ಹುಡುಕಿ ತಂದರು. ಗೆರೆ ಎಳೆದ ಏಳನೆಯ ದಿನಕ್ಕೆ ಎರಡು ಗೆರೆಗಳ ನಡುವೆ ಒಂದು ಬೆರಳು ಅಂತರವಿತ್ತು.

ಅತ್ತೆಗೆ ಹೇಳಿದೆ. ‘ಹಾಗಾದರೆ ಕಾಗದ ಅಲಮಾರಿಯಲ್ಲಿಡು’ ಎಂದರು.

ಆ ಮೊದಲ ಗರಿ ಎರಡು ಅಡಿಗಿಂತ ಅಗಲವಾಗಲಿಲ್ಲ. ಅದರ ಮುಂದಿನದು ಅರ್ಧ ಬಿಚ್ಚಿಕೊಂಡು ನಿಂತಿತು. ಮೂರನೆಯದು, ಅದರ ಮರುವರ್ಷದ್ದು, ಸಣ್ಣದಾದರೂ ಸರಿಯಾದ ಬೀಸಣಿಗೆಯ ಆಕಾರದಲ್ಲಿ ಬಂತು. ಕಾಂಡದ ನೆತ್ತಿಯಲ್ಲಿ ಒಂದು ಕೊರಕಲು ಉಳಿದಿದೆ. ಮರ ಅಲ್ಲಿಂದ ಸ್ವಲ್ಪ ಓರೆಯಾಗಿ ಮೇಲೇಳುತ್ತಿದೆ. ಪ್ರತಿ ಮಳೆಗಾಲದ ಮೊದಲು ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಸುಳಿಗೆ ಸಿಂಪಡಿಸುತ್ತೇವೆ. ಪಕ್ಕದ ತೆಂಗುಗಳಿಗೂ ಸಿಂಪಡಿಸುತ್ತೇವೆ, ರೋಗ ಅತ್ತ ಹೋಗಬಾರದೆಂದು. ಮರ ಪೂರ್ತಿ ಗುಣವಾಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಇಷ್ಟು ಪೆಟ್ಟು ತಿಂದ ಮರದೊಳಗೆ ಹೂ ಬಿಡುವಷ್ಟು ಗಂಟು ಉಳಿದಿದೆಯೇ ಎಂಬುದನ್ನು ಹೂವೇ ಹೇಳಬೇಕು.

ಬಿಲ್ಡರಿನ ಪ್ರಶ್ನೆಯೂ ತೀರಿಲ್ಲ. ಎಡಗಡೆಯ ಮನೆಯವರ ಜಾಗದಲ್ಲಿ ಕಂಬಗಳು ಎದ್ದಿವೆ. ನಾದಿನಿಯ ಪಾಲಿನ ಹಣವನ್ನು ಕಂತಿನಲ್ಲಿ ಕೊಡುವುದೆಂದು ಮಾತಾಗಿದೆ. ಅದಕ್ಕಾಗಿ ನಮ್ಮವರು ನಿವೃತ್ತಿಯ ನಂತರವೂ ಲೆಕ್ಕ ಬರೆಯಲು ಹೋಗುತ್ತಾರೆ. ಮಾಡು ಸೋರುವುದು ಹಾಗೆಯೇ ಇದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮರ ಉಳಿಸುವ ಮಾತನ್ನು ಖರ್ಚಿಲ್ಲದ ಮಾತಾಗಿ ಆಡುವುದು ಸರಿಯಲ್ಲ. ಖರ್ಚು ಇದೆ. ಅದನ್ನು ಯಾರೋ ಕೊಡುತ್ತಿರುತ್ತಾರೆ. ಮಗ ಇತ್ತೀಚೆಗೆ ತನ್ನ ಮಗಳಿಗೆ ಮರದ ಕೆಳಗೆ ಉಯ್ಯಾಲೆ ಕಟ್ಟಲು ಜಾಗ ನೋಡಿದ. ಕೊಂಬೆಯಿಲ್ಲದ ಮರಕ್ಕೆ ಉಯ್ಯಾಲೆ ಎಲ್ಲಿ ಕಟ್ಟುವುದು ಎಂದು ಅತ್ತೆ ನಕ್ಕರು.

ಓದುವ ನಿಮ್ಮಲ್ಲಿ ಒಂದು ಕೋರಿಕೆಯಿದೆ. ಶ್ರೀತಾಳೆ ನಮ್ಮ ಕರಾವಳಿಯ ಸ್ವತ್ತೇನಲ್ಲ. ನೀವಿರುವ ಊರಿನ ಹಳೆಯ ಉದ್ಯಾನದಲ್ಲೋ ಯಾವುದಾದರೂ ಕಾಲೇಜಿನ ಆವರಣದಲ್ಲೋ ಒಂದಿದ್ದರೂ ಇರಬಹುದು. ತಾಳೆಯೆಂದೋ ಬೀಸಣಿಗೆ ಪಾಮೆಂದೋ ತಿಳಿದು ದಿನಾ ಅದರ ಪಕ್ಕದಲ್ಲೇ ಹಾದು ಹೋಗುತ್ತಿರಬಹುದು. ಅದರ ನೆತ್ತಿಯಿಂದ ಎಂದಾದರೂ ಗರಿಯ ಬದಲು ದೊಡ್ಡದೊಂದು ಗೊಂಚಲು ಏಳುವುದನ್ನು ಕಂಡರೆ, ಅದು ರೋಗವಲ್ಲ, ಅಪಶಕುನವಲ್ಲ, ಒಂದು ವರ್ಷ ಕಾಯಿರಿ ಎಂದು ಅಲ್ಲಿಯವರಿಗೆ ಹೇಳಿ. ಕಾಯಿ ಉದುರಿದ ಮೇಲೆ ಒಂದು ಹಿಡಿ ಬೀಜ ಹೆಕ್ಕಿಕೊಳ್ಳಿ. ಎರಡನ್ನು ಯಾರಾದರೂ ಅಜ್ಜಿ ಕೇಳಿದರೆ ಮಣಿ ಮಾಡಲು ಕೊಡಿ. ಉಳಿದವನ್ನು, ಕಂಬ ಏಳದು ಎಂದು ನಿಮಗೆ ನಂಬಿಕೆಯಿರುವ ಕಡೆ ನೆಡಿ.